ತೈಪಿಂಗ್‌ನಲ್ಲೊಬ್ಬ ಮೈಸೂರು ಸಿಪಾಯಿ

ಪುಚೊಂಗ್, ಹೊರಡುವ ಬೆಳಿಗ್ಗೆ

ನಾಲ್ಕೂವರೆಗೆ ಎದ್ದೆ. ಹಾಲು ಕಾಯಿಸಿದೆ. ಹಿಂದಿನ ದಿನ ಮಾಡಿಟ್ಟ ಗೊಜ್ಜಿಗೆ ಅನ್ನ ಹಾಕಿ ಪುಳಿಯೋಗರೆ ಕಲಸಿದೆ. ಮೊಸರನ್ನಕ್ಕೆ ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಎರಡು ರಬ್ಬರ್ ಬ್ಯಾಂಡ್ ಹಾಕಿದೆ. ಬಾಲ್ಕನಿಯಲ್ಲಿ ಎರಡು ದಿನದಿಂದ ಒಣಗದೆ ನೇತಾಡುತ್ತಿದ್ದ ಟವೆಲುಗಳನ್ನು ಒಳಗೆ ತಂದು ಫ್ಯಾನಿನ ಕೆಳಗೆ ಹರಡಿದೆ. ಬಿ.ಪಿ. ಮಾತ್ರೆ ನುಂಗಿದೆ. ಕೊಡೆ ಹುಡುಕಿದೆ. ಒಂದು ತೆಂಗಿನಕಾಯಿ, ಆರು ಬಾಳೆಹಣ್ಣು, ವಿಭೂತಿ, ಕರ್ಪೂರ, ಬೆಂಕಿಪೊಟ್ಟಣ ಇವನ್ನೆಲ್ಲ ಬಟ್ಟೆಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟೆ. ತಂಗಿ ಸುಧಾಳನ್ನು ಮೂರು ಸಲ ಎಬ್ಬಿಸಿದೆ.

ಸುಧಾ ಮಲೇಷ್ಯಾಕ್ಕೆ, ಅದರ ರಾಜಧಾನಿಯ ಪಕ್ಕದ ಈ ಪುಚೊಂಗ್‌ಗೆ, ಬಂದು ಹದಿನಾಲ್ಕು ವರ್ಷವಾಯಿತು. ಮೈಸೂರಿನಲ್ಲಿದ್ದಾಗಲೂ ಏಳುತ್ತಿರಲಿಲ್ಲ, ಇಲ್ಲಿಯೂ ಏಳುವುದಿಲ್ಲ. ಐದೂಮುಕ್ಕಾಲಿಗೆ ಸರಿಯಾಗಿ ಕೆಳಗೆ ಕಾರಿನ ಹಾರ್ನ್ ಒಮ್ಮೆ ಕೇಳಿಸಿತು. ಎರಡನೆಯ ಸಲ ಕೇಳಿಸಲಿಲ್ಲ. ಮುನಿಯಾಂಡಿಯವರು ಎರಡನೆಯ ಸಲ ಹಾರ್ನ್ ಮಾಡುವವರಲ್ಲ.

ಮುನಿಯಾಂಡಿಯವರು ಸುಧಾಳ ಕೆಳಗಿನ ಮನೆಯವರು. ಮೂರು ತಲೆಮಾರಿನ ಹಿಂದೆ ರಬ್ಬರ್ ತೋಟಕ್ಕೆ ಬಂದ ತಮಿಳರ ಕುಟುಂಬ. ಈ ದೇಶದ ಸೈನ್ಯದಲ್ಲಿ, ಸೇತುವೆ ಕಟ್ಟುವ ದಳದಲ್ಲಿ, ಇಪ್ಪತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅವರು ಮಾತಾಡುವುದು ತಮಿಳು, ನಡುನಡುವೆ ಇಂಗ್ಲಿಷು, ಕೊನೆಗೊಂದು ‘ಲಾ’. ನಾವು ಉತ್ತರ ಕೊಡುವುದು ಕನ್ನಡದಲ್ಲಿ. ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ. ಅವರ ಮಾತನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

“ಅಕ್ಕಾ ಬಂದ್ರು. ಸುಧಾ ಮೇಡಂ ಎಲ್ಲಿ? ಶತ್ರು ಬಂದು ಟೀ ಕುಡಿದು ವಾಪಸ್ ಹೋಗಿರ್ತಾನೆ ಲಾ.”

“ಶತ್ರುಗೂ ನಿದ್ದೆ ಬೇಕು ಅಂಕಲ್,” ಎಂದು ಸುಧಾ ತಲೆ ಬಾಚಿಕೊಳ್ಳುತ್ತ ಹಿಂದಿನ ಸೀಟಿಗೆ ಹತ್ತಿದಳು. ಅವರು ಹಿಂತಿರುಗಿ ನೋಡಿ ಬೆರಳಿನಲ್ಲಿ ಎಣಿಸಿದರು. ಒಂದು, ಎರಡು, ತಾನು ಮೂರು. ಮೂರು ಜನ ಇದ್ದಾರೆಂದು ಖಚಿತವಾದ ಮೇಲೆ ಗಾಡಿ ಹೊರಟಿತು.

ನಾವು ಹೊರಟಿದ್ದು ತೈಪಿಂಗ್ ಎಂಬ ಊರಿಗೆ. ಅಲ್ಲೊಂದು ಯುದ್ಧಕಾಲದ ಸ್ಮಶಾನವಿದೆ. ಅಮ್ಮನ ಚಿಕ್ಕಪ್ಪ ಸಿದ್ದಯ್ಯ ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಪಟಾಲಮಿನೊಂದಿಗೆ ಸಮುದ್ರ ದಾಟಿ ಇಲ್ಲಿಗೆ ಬಂದವನು, ವಾಪಸ್ಸು ಬರಲಿಲ್ಲ. ಅವನು ಹೊರಟಾಗ ಅಮ್ಮ ಮೂರು ತಿಂಗಳ ಕೂಸು. ಜೊತೆಯಲ್ಲಿ ಜಪಾನಿಯರ ಸೆರೆಯಾಗಿದ್ದು ಬದುಕಿ ಬಂದ ಪಕ್ಕದೂರಿನವನೊಬ್ಬ, ‘ತೈಪಿಂಗ್ ಅನ್ನೋ ಊರಿನ ಆಸ್ಪತ್ರೇಲಿ ಜ್ವರದಲ್ಲಿ ಹೋದ’ ಎಂದು ನಮ್ಮ ತಾತನಿಗೆ ಹೇಳಿದ್ದನಂತೆ. ಅದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿರಲಿಲ್ಲ.

ನಾನು ಮೈಸೂರಿನಿಂದ ಹೊರಡುವ ದಿನ ಎಂಬತ್ತಮೂರರ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: “ಅವ್ನ ಕಲ್ಲು ಅದಾ ಅಂತ ನೋಡವ್ವ. ಹೆಸ್ರು ಏನಂತ ಹಾಕವ್ರೆ ಓದ್ಕಂಡು ಬಾ. ಸತ್ತ ದಿನ ಬರ್ದಿದ್ರೆ ಅದ್ನೂ ಬರ್ಕಂಡು ಬಾ. ನಾನು ಇರೋವಷ್ಟು ದಿನ ಆ ದಿನಕ್ಕೇ ಎಡೆ ಮಡಗ್ತೀನಿ.”

ಅಮ್ಮ ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹೆದ್ದಾರಿಯ ತಂಗುದಾಣ

ಮೊಸರನ್ನ ಚೆಲ್ಲಿತು. ಎರಡು ರಬ್ಬರ್ ಬ್ಯಾಂಡ್ ಹಾಕಿದ್ದರೂ ಚೆಲ್ಲಿತು. ತಂಗುದಾಣದಲ್ಲಿ ಡಿಕ್ಕಿ ತೆರೆದಾಗ ಒಗ್ಗರಣೆಯ ಸಾಸಿವೆಗಳೆಲ್ಲ ಮುನಿಯಾಂಡಿಯವರ ಬಿಡಿ ಟೈರಿನ ಮೇಲೆ ಕೂತಿದ್ದವು. ನನಗೆ ನಾಚಿಕೆಯಾಯಿತು. ಅವರು ಡಿಕ್ಕಿಯ ಮೂಲೆಯಿಂದ ಚೌಕವಾಗಿ ಮಡಚಿಟ್ಟಿದ್ದ ಹಳೆಯ ಬನಿಯನ್ ತೆಗೆದು, ಒರೆಸಿ, ಅದನ್ನು ನಲ್ಲಿಯಲ್ಲಿ ತೊಳೆದು, ಹಿಂಡಿ, ಮತ್ತೆ ಚೌಕವಾಗಿ ಮಡಚಿ ಅದೇ ಮೂಲೆಗೆ ಇಟ್ಟರು.

ಇಲ್ಲಿನ ತಂಗುದಾಣಗಳು ನಮ್ಮ ಮದ್ದೂರಿನ ಹೊಟೇಲುಗಳ ಹಾಗಲ್ಲ. ಒಂದೇ ಚಾವಣಿಯ ಕೆಳಗೆ ಹತ್ತಾರು ಅಂಗಡಿ, ಪಕ್ಕದಲ್ಲಿ ನಮಾಜಿನ ಕೋಣೆ, ತೊಳೆದು ತೊಳೆದು ಜಾರುವ ಶೌಚಾಲಯ. ಜನ ತಿಂದ ತಟ್ಟೆಯನ್ನು ತಾವೇ ಎತ್ತಿಡುತ್ತಾರೆ. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ನಾನು ನಮ್ಮ ಪುಳಿಯೋಗರೆ ಬಿಚ್ಚಿ ಕೂತರೂ ಅಂಗಡಿಯ ಹೆಂಗಸು ತಾನಾಗಿಯೇ ಮೂರು ಚಮಚ ತಂದಿಟ್ಟು ಹೋದಳು.

ಮುನಿಯಾಂಡಿಯವರು ಹುರಿದ ಕಡಲೆಕಾಯಿ ಕೊಂಡು ತಂದಿದ್ದರು. ನಾನು ಸುಮ್ಮನಿರಲಾರದೆ ಕೇಳಿದೆ, “ನಿಮ್ಮ ಸೈನ್ಯ ದೊಡ್ಡದಾ?”

“ಸಣ್ಣದು ಅಕ್ಕಾ. ಸಣ್ಣ ದೇಶ, ಸಣ್ಣ ಸೈನ್ಯ,” ಎಂದು ಅವರು ಕಡಲೆಕಾಯಿಯನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸತೊಡಗಿದರು. “ಹತ್ತು ಜನ, ಒಂದು ಸೆಕ್ಷನ್. ಇಂಥ ಮೂರು ಸಾಲು, ಒಂದು ಪ್ಲಟೂನ್. ಮೂರು ಪ್ಲಟೂನ್ ಒಂದು ಕಂಪನಿ. ಮೂರು ನಾಲ್ಕು ಕಂಪನಿ ಸೇರಿದ್ರೆ ಬಟಾಲಿಯನ್. ಅಷ್ಟು ಕಡಲೆಕಾಯಿ ಇಲ್ಲಿಲ್ಲ. ಎಲ್ಲಾ ಸೈನ್ಯದಲ್ಲೂ ಹೀಗೇ. ಆದರೆ ದೊಡ್ಡ ಸೈನ್ಯದವನು ಕಂಪನಿ ಲೆಕ್ಕದಲ್ಲಿ ಯೋಚನೆ ಮಾಡ್ತಾನೆ. ನಾವು ಈ ಹತ್ತರ ಲೆಕ್ಕದಲ್ಲಿ.”

ಸುಧಾ ಸಾಲಿನಿಂದ ಒಂದನ್ನು ತೆಗೆದು ಸುಲಿದು ಬಾಯಿಗೆ ಹಾಕಿಕೊಂಡಳು. “ಅಂಕಲ್, ನಿಮ್ಮವನೊಬ್ಬ ಹೋದ.”

“ಹೋಗಲಿ. ಒಂಬತ್ತು ಜನ ಅವನ ಕೆಲಸಾನೂ ಮಾಡ್ತಾರೆ. ನಾನು ಸೇತುವೆ ಕಟ್ಟೋನು. ದೋಣಿನೂ ನಡೆಸ್ತಿದ್ದೆ. ಅಡುಗೆಯವನಿಗೆ ಜ್ವರ ಬಂದ್ರೆ ಅನ್ನಾನೂ ಬೇಯಿಸ್ತಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಗುಂಡು ಹೊಡೆದದ್ದು ಬರೀ ಹಲಗೆಗೆ. ನೆರೆ ಬಂದಾಗ ಜನರನ್ನ ಎತ್ತಿ ದೋಣಿಗೆ ಹಾಕಿದ್ದೇ ನನ್ನ ಯುದ್ಧ.”

“ಮತ್ತೆ ನಿಜವಾದ ಯುದ್ಧ ಬಂದ್ರೆ?” ಎಂದೆ.

“ನಮ್ಮ ಹತ್ರ ಟ್ಯಾಂಕ್ ಕಮ್ಮಿ, ವಿಮಾನ ಕಮ್ಮಿ. ಕಾಡು ಇದೆ. ಕಾಡಿನಲ್ಲಿ ನಡೆಯೋದು, ಮಲಗೋದು, ಶಬ್ದ ಮಾಡದೆ ತಿನ್ನೋದು ನಮಗೆ ಗೊತ್ತು. ಬೇರೆ ದೇಶದವರು ಅದನ್ನ ಕಲಿಯೋಕೆ ಇಲ್ಲಿಗೆ ಬರ್ತಾರೆ.” ಆಮೇಲೆ ನನ್ನನ್ನೇ ಕೇಳಿದರು. “ನಿಮ್ಮ ಮೈಸೂರಿನವರಿಗೆ ಏನು ಗೊತ್ತಿತ್ತು?”

ನನಗೆ ಗೊತ್ತಿದ್ದದ್ದು ಅಮ್ಮನಿಂದ ಕೇಳಿದ್ದು. ಸಂಸ್ಥಾನಕ್ಕೆ ತನ್ನದೇ ಸೈನ್ಯವಿತ್ತು. ಒಂದು ಕುದುರೆ ಪಟಾಲಂ, ಇನ್ನೊಂದು ಕಾಲಾಳು ಪಟಾಲಂ. ಅಪ್ಪ ಇದ್ದ ಜಾಗಕ್ಕೆ ಮಗ ಸೇರುತ್ತಿದ್ದ. ಪಕ್ಕಪಕ್ಕದ ಹಳ್ಳಿಗಳ ಹುಡುಗರೇ ತುಂಬಿರುತ್ತಿದ್ದರು, ಹವಾಲ್ದಾರನೂ ಆ ಕಡೆಯವನೇ. ಅರಮನೆ ಬಾಗಿಲು ಕಾಯುವುದು, ದೊರೆಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವುದು ಅವರ ಕೆಲಸ. ಯುದ್ಧ ಬಂದಾಗ ಅವರನ್ನು ಹಡಗು ಹತ್ತಿಸಿ, ಇಲ್ಲಿ ವಿಮಾನ ಇಳಿಯುವ ಬಯಲು ಕಾಯಲು ನಿಲ್ಲಿಸಿದರಂತೆ.

“ಕಾಡು?”

“ಕಾಡು ಗೊತ್ತಿರಲಿಲ್ಲ ಅನ್ಸುತ್ತೆ. ನಮ್ಮೂರ ಸುತ್ತ ಜೋಳದ ಹೊಲ, ಹುರುಳಿ ಹೊಲ.”

ಮುನಿಯಾಂಡಿಯವರು ತಲೆಯಾಡಿಸಿ ಕಡಲೆಕಾಯಿಗಳನ್ನೆಲ್ಲ ಒಂದೊಂದಾಗಿ ಪೊಟ್ಟಣಕ್ಕೆ ತುಂಬಿದರು.

ತೈಪಿಂಗ್

ಹತ್ತೂವರೆಗೆ ತಲುಪಿದೆವು. ಊರಿನ ಬೆನ್ನಿಗೆ ಒಂದೇ ದೊಡ್ಡ ಬೆಟ್ಟ, ಅದರ ತಲೆಯ ಮೇಲೆ ಸದಾ ಮೋಡ. ಈ ದೇಶದಲ್ಲೇ ಹೆಚ್ಚು ಮಳೆ ಬೀಳುವ ಊರು ಇದೆಂದು ಮುನಿಯಾಂಡಿಯವರು ಹೇಳಿದರು. ಅವರ ನೌಕರಿಯ ಆರು ವರ್ಷ ಇಲ್ಲಿಯ ಸೈನ್ಯದ ಶಿಬಿರದಲ್ಲಿ ಕಳೆದಿತ್ತಂತೆ. ಕೊಡೆ ಮರೆತ ಸಿಪಾಯಿಯೂ ಬೂಟು ಒಣಗಿದ ಸಿಪಾಯಿಯೂ ಆಗ ಇಲ್ಲಿರಲಿಲ್ಲ ಎಂದರು.

ಕೆರೆಯ ಏರಿಯ ಮೇಲೆ ದೊಡ್ಡ ದೊಡ್ಡ ಮಳೆಮರಗಳು ರಸ್ತೆ ದಾಟಿ ನೀರಿನ ಮೇಲೆ ಬಾಗಿವೆ. ನಮ್ಮ ಕುಕ್ಕರಹಳ್ಳಿ ಕೆರೆಯ ಹಾಗೆಯೇ ಇಲ್ಲಿಯೂ ನಿವೃತ್ತರು ಬಿಳಿ ಬೂಟು ಹಾಕಿಕೊಂಡು ನಡೆಯುತ್ತಾರೆ. ವ್ಯತ್ಯಾಸವೆಂದರೆ ಇಲ್ಲಿನವರು ನಡೆಯುವಾಗ ಮಾತಾಡುವುದಿಲ್ಲ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಬಾರು ಕಿತ್ತುಬಂತು. ಸುಧಾ ತನ್ನ ಕೂದಲಿನ ಪಿನ್ನು ತೆಗೆದು ಸಿಕ್ಕಿಸಿದಳು. ಪಿನ್ನು ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಆ ದಿನವೆಲ್ಲ ಹಾಗೇ ನಡೆದೆ.

“ಹೊಸದು ತಗೊಳ್ಳೋಣ ಅಕ್ಕ.”

“ಮೊದಲು ಕಲ್ಲು ನೋಡೋಣ ಕಣೇ.”

ಸುಧಾ ವಾರದ ಹಿಂದೆಯೇ ಕಂಪ್ಯೂಟರಿನಲ್ಲಿ ಸಿದ್ದಯ್ಯ ಎಂಬ ಹೆಸರನ್ನು ಹತ್ತು ರೀತಿಯಲ್ಲಿ ಬರೆದು ಹುಡುಕಿದ್ದಳು. ಸಿಕ್ಕಿರಲಿಲ್ಲ. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಹೇಗೆ ಬೇಕಾದರೂ ಬರೆದಿರಬಹುದು, ನಾವೇ ಹೋಗಿ ಒಂದೊಂದು ಕಲ್ಲೂ ನೋಡುವುದು ಒಳ್ಳೆಯದು ಎಂದವರು ಮುನಿಯಾಂಡಿಯವರೇ.

ರಸ್ತೆಯ ಆಚೆ ಬದಿ

ಬೆಟ್ಟಕ್ಕೆ ಹೋಗುವ ರಸ್ತೆ ಆ ಸ್ಮಶಾನವನ್ನು ಎರಡಾಗಿ ಸೀಳಿದೆ. ಒಂದು ಬದಿಯಲ್ಲಿ ಕ್ರೈಸ್ತ ಸೈನಿಕರು. ಆಚೆ ಬದಿಯಲ್ಲಿ ಹಿಂದೂಗಳು, ಮುಸಲ್ಮಾನರು, ಗೂರ್ಖಾಗಳು. ಸ್ಮಶಾನ ಎಂದರೆ ನನ್ನ ಕಣ್ಣಿಗೆ ಬರುವುದು ಎಕ್ಕದ ಗಿಡ, ಒಡೆದ ಮಡಕೆ. ಇಲ್ಲಿ ಹುಲ್ಲನ್ನು ಜಮಖಾನದಂತೆ ಕತ್ತರಿಸಿದ್ದರು. ಮೊಣಕಾಲೆತ್ತರದ ಬಿಳಿ ಕಲ್ಲುಗಳು ಅಳೆದಿಟ್ಟ ಹಾಗೆ ಸಾಲಾಗಿದ್ದವು. ಪ್ರತಿ ಕಲ್ಲಿನ ಬುಡದಲ್ಲೊಂದು ಹೂವಿನ ಗಿಡ. ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇರಲಿಲ್ಲ. ಭಾರತದ ಸೈನ್ಯದ ಒಬ್ಬ ಸಿಪಾಯಿ ಎಂದಷ್ಟೇ ಇತ್ತು.

ಗೋಡೆಯಲ್ಲಿ ಹುದುಗಿಸಿದ್ದ ಒಂದು ಸಣ್ಣ ಲೋಹದ ಪೆಟ್ಟಿಗೆಯೊಳಗೆ ಹೆಸರುಗಳ ಪುಸ್ತಕವಿತ್ತು. ನಾನು ಕನ್ನಡಕ ಹಾಕಿಕೊಂಡು ‘ಎಸ್’ ಅಕ್ಷರದ ಹೆಸರುಗಳನ್ನೆಲ್ಲ ಬೆರಳಿಟ್ಟು ಓದಿದೆ. ಸಿಂಗ್‌ಗಳಿದ್ದರು, ಸುಬೇದಾರರಿದ್ದರು. ಸಿದ್ದಯ್ಯ ಇರಲಿಲ್ಲ. ಸಣ್ಣ ಮಳೆ ಶುರುವಾಯಿತು. ಮುನಿಯಾಂಡಿಯವರು ನನ್ನ ತಲೆಯ ಮೇಲೂ ಪುಸ್ತಕದ ಮೇಲೂ ಕೊಡೆ ಹಿಡಿದು ತಾವು ನೆನೆಯುತ್ತ ನಿಂತರು.

ಆಗ ಸುಧಾ ಮೂರನೆಯ ಸಾಲಿನಿಂದ ನಗುತ್ತಲೇ ಕೂಗಿದಳು. “ಅಕ್ಕ, ಬಾ ಇಲ್ಲಿ, ನಮ್ಮ ತಾತನ ಹೆಸರಿನವನು ಒಬ್ಬ ಇದ್ದಾನೆ. ಮೈಸೂರಿನವನೇ.”

ಕಲ್ಲಿನ ಮೇಲೆ ದೇವನಾಗರಿಯಲ್ಲಿ ಓಂ ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಸಿಪಾಯಿ ಮಾದಯ್ಯ, ಮೈಸೂರು ಕಾಲಾಳು ಪಡೆ, ಸತ್ತ ದಿನ.

ನಾನೂ ನಕ್ಕೆ. ನಮ್ಮ ಕಡೆ ಮಾದಯ್ಯನೆಂಬ ಹೆಸರಿಗೇನು ಬರ. ಬೆಟ್ಟದ ಮಾದಪ್ಪನ ಹೆಸರನ್ನು ಮನೆಗೊಬ್ಬರಿಗೆ ಇಟ್ಟಿರುತ್ತಾರೆ. ಯಾರ ಮಗನೋ ಏನೋ, ಅವರ ಮನೆಯವರಿಗಾದರೂ ತಿಳಿಸಬಹುದು ಎಂದುಕೊಂಡು ಪೆಟ್ಟಿಗೆಯ ಬಳಿಗೆ ವಾಪಸ್ಸು ಬಂದು ಆ ಹೆಸರು ಹುಡುಕಿದೆ. ಸಿಕ್ಕಿತು. ಮಾದಯ್ಯ, ವಯಸ್ಸು ಇಪ್ಪತ್ತಾರು, ಕೆಂಪಯ್ಯನ ಮಗ, ಕಲ್ಲುಹುಂಡಿ, ಮೈಸೂರು.

ಕಲ್ಲುಹುಂಡಿ ಅಮ್ಮನ ಮನೆತನದ ಊರು. ಕೆಂಪಯ್ಯ ನಮ್ಮ ಮುತ್ತಾತ. ಅವನಿಗೆ ಇಬ್ಬರೇ ಗಂಡುಮಕ್ಕಳು. ದೊಡ್ಡವನು ಮಾದಯ್ಯ, ಅಂದರೆ ಅಮ್ಮನ ಅಪ್ಪ, ನಮ್ಮ ತಾತ. ಚಿಕ್ಕವನು ಸಿದ್ದಯ್ಯ. ತಾತ ಸತ್ತಾಗ ನಾನು ಪಿಯುಸಿಯಲ್ಲಿದ್ದೆ. ಹಿಂದಿನ ದಿನ ರಾತ್ರಿ ಅವರಿಗೆ ರಾಗಿ ಗಂಜಿ ಕುಡಿಸಿದವಳು ನಾನೇ.

ಪುಸ್ತಕವನ್ನು ಸುಧಾಳ ಕೈಗೆ ಕೊಟ್ಟೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು.

“ತಪ್ಪು ಬರೆದಿದ್ದಾರೆ ಅಕ್ಕ. ಕ್ಲರ್ಕು ಅಣ್ಣನ ಹೆಸರು ತಮ್ಮನಿಗೆ ಹಾಕಿಬಿಟ್ಟಿದ್ದಾನೆ.”

“ತಮ್ಮನಿಗೆ ಆಗ ಇಪ್ಪತ್ತಾರು ಎಲ್ಲಿ ಆಗಿತ್ತೇ? ಹೊರಟಾಗ ಹತ್ತೊಂಬತ್ತು ಅಂತ ಅಮ್ಮ ಹೇಳ್ತಿರ್ಲಿಲ್ವಾ?”

ಮುನಿಯಾಂಡಿಯವರಿಗೆ ಏನಾಯಿತೆಂದು ಹೇಳಿದೆವು. ಅವರು ಕಲ್ಲಿನ ಮುಂದೆ ಟೋಪಿ ತೆಗೆದು ನಿಂತರು. ನಾನು ಬಾಳೆಹಣ್ಣು ಇಟ್ಟು, ವಿಭೂತಿ ಹಚ್ಚಿ, ಕಲ್ಲಿನ ಬುಡದಲ್ಲಿ ಕರ್ಪೂರ ಇಟ್ಟೆ. ಕಡ್ಡಿ ಗೀರಿದರೆ ಹತ್ತಲಿಲ್ಲ. ಪೊಟ್ಟಣ ನೆನೆದುಹೋಗಿತ್ತು. ಇನ್ನೊಂದು, ಮತ್ತೊಂದು. ಹತ್ತಲಿಲ್ಲ.

“ಯಾರ ಹೆಸರು ಹೇಳಿ ಹಚ್ತೀಯ ಅಕ್ಕ?” ಎಂದಳು ಸುಧಾ.

ನಾನು ಕಡ್ಡಿ ಬಿಟ್ಟು, ಕಲ್ಲಿನ ಮೇಲೆ ಕೈಯಿಟ್ಟು, ಸಿದ್ದಯ್ಯಾ ಎಂದು ಜೋರಾಗಿಯೇ ಕರೆದೆ. ನಮ್ಮಲ್ಲಿ ಎಡೆ ಇಟ್ಟಾಗ ಹಿರಿಯರನ್ನು ಹಾಗೆಯೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಆ ಸಾಲಿನಲ್ಲಿ ಆ ಹೆಸರು ಕೇಳಿಸಿದ್ದು ಬಹುಶಃ ಅದೇ ಮೊದಲು. ದೂರದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಹೆಂಗಸು ಯಂತ್ರ ನಿಲ್ಲಿಸಿ, ನಾವು ಏಳುವವರೆಗೂ ಹಾಗೇ ನಿಂತಿದ್ದಳು.

ಮಾಮಾಕ್ ಅಂಗಡಿ

ತಮಿಳು ಮುಸಲ್ಮಾನರ ಚಹಾದಂಗಡಿಗೆ ಇಲ್ಲಿ ಮಾಮಾಕ್ ಎನ್ನುತ್ತಾರೆ. ಎತ್ತರದಿಂದ ಎಳೆದೆಳೆದು ಸುರಿದ ಟೀ ಬಂತು. ನಮ್ಮ ಕಡೆ ಟೀ ಆರಿಸಲು ಹೀಗೆ ಮಾಡುತ್ತೇವೆ, ಇಲ್ಲಿ ನೊರೆಗಾಗಿ. ಬಹಳ ಸಿಹಿ. ಮೂವರೂ ಕುಡಿದೆವು.

“ಗುಮಾಸ್ತ ಅಕ್ಷರ ತಪ್ಪು ಬರೀತಾನೆ ಅಕ್ಕಾ,” ಎಂದರು ಮುನಿಯಾಂಡಿಯವರು. “ಅಪ್ಪ, ಊರು, ವಯಸ್ಸು ಎಲ್ಲಾ ಸೇರಿಸಿ ಇನ್ನೊಬ್ಬನನ್ನ ಬರೆಯೋದಿಲ್ಲ. ಪಟಾಲಮಿನ ಪುಸ್ತಕದಲ್ಲಿ ಇದ್ದದ್ದೇ ಕಲ್ಲಿಗೆ ಬಂದಿದೆ. ನಿಮ್ಮ ತಾತ ಸೈನ್ಯದಲ್ಲಿದ್ದರಾ?”

“ಇಲ್ಲ. ವಯಸ್ಸಿನಲ್ಲಿ ಅರಮನೆ ಕೆಲಸದಲ್ಲಿದ್ದರು ಅಂತ ಕೇಳಿದ್ದೀವಿ, ಅಷ್ಟೇ.”

“ಅರಮನೇಲಿ ಏನು ಕೆಲಸ?”

ಏನು ಕೆಲಸ? ನಾವು ಯಾರೂ ಕೇಳಿರಲಿಲ್ಲ. ಸುಧಾ ಮೇಜನ್ನು ನೋಡುತ್ತ ನಿಧಾನವಾಗಿ ಹೇಳಿದಳು. “ಅಕ್ಕ, ತಾತ ಕಂಬಳಿ ಮಡಚ್ತಿದ್ದದ್ದು ನೆನಪಿದ್ಯಾ? ಚೌಕವಾಗಿ. ಅದರ ಮೇಲೆ ತಟ್ಟೆ, ತಟ್ಟೆ ಮೇಲೆ ಲೋಟ. ದಿನಾ.”

ಮುನಿಯಾಂಡಿಯವರು ಕಣ್ಣು ಮುಚ್ಚಿ ತೆರೆದರು. “ಅದನ್ನ ಅರಮನೆ ಆಳುಗಳಿಗೆ ಯಾರೂ ಹೇಳಿಕೊಡೋದಿಲ್ಲ. ಸಿಪಾಯಿಗೆ ಹೇಳಿಕೊಡ್ತಾರೆ ಲಾ.”

ಆಮೇಲೆ ಒಂದೊಂದೇ ನೆನಪಾಯಿತು. ಅಮ್ಮ ಹುಟ್ಟಿದಾಗ ಅಜ್ಜಿಗೆ ಬಾಣಂತಿ ಜ್ವರ ಬಂದು ನಲವತ್ತು ದಿನ ಎಚ್ಚರವಿರಲಿಲ್ಲ. ‘ನಿಮ್ಮ ತಾತ ಪಕ್ಕ ಬಿಟ್ಟು ಏಳ್ನಿಲ್ಲ, ರಜ ಮುಗುದ್ರೂವೆ ಹೋಗ್ನಿಲ್ಲ’ ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು. ಯಾವ ರಜ ಎಂದು ನಾವು ಕೇಳಲಿಲ್ಲ. ಸಿದ್ದಯ್ಯ ಹೊರಟದ್ದು ಅದಾದ ಮೇಲೆಯೇ. ತಾತ ಕಲ್ಲುಹುಂಡಿ ಬಿಟ್ಟು ಅಜ್ಜಿಯ ತವರೂರಿನಲ್ಲಿ ನೆಲೆಸಿದ್ದರು. ಮೈಸೂರಿಗೆ ಅಷ್ಟು ಹತ್ತಿರವಿದ್ದೂ ಒಂದು ವರ್ಷವೂ ದಸರಾ ನೋಡಲಿಲ್ಲ. ಯುದ್ಧದ ಕಾಲದಲ್ಲಿ ತಂತಿ ಬಂದಾಗ ಮೇಷ್ಟ್ರ ಕೈಲಿ ಓದಿಸಿಕೊಂಡು, ಯಾರಿಗೂ ತೋರಿಸದೆ ಒಲೆಗೆ ಹಾಕಿದ್ದರಂತೆ. ಮಾದಯ್ಯ ಇನ್ನಿಲ್ಲ ಎಂಬ ತಂತಿಯನ್ನು ಮಾದಯ್ಯನೇ ಕೂತು ಕೇಳಿಸಿಕೊಂಡಿದ್ದ.

ಇನ್ನೊಂದು ಮಾತು ನನಗೆ ಆಗ ಹೊಳೆಯಿತು, ಅದನ್ನು ಇಬ್ಬರಿಗೂ ಹೇಳಲಿಲ್ಲ. ಯಾರಾದರೂ ‘ಮಾದಯ್ಯ’ ಎಂದು ಕರೆದರೆ ತಾತ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಎರಡನೆಯ ಸಲ ಕರೆಯಬೇಕಿತ್ತು. ಅವರಿಗೆ ಕಿವಿ ಮಂದವೆಂದು ನಾವು ತಿಳಿದಿದ್ದೆವು. ‘ತಾತಾ’ ಎಂದರೆ ಮಾತ್ರ ಪಿಸುಗುಟ್ಟಿದರೂ ಕೇಳಿಸುತ್ತಿತ್ತು.

“ಅಣ್ಣನ ಬಟ್ಟೆ ಹಾಕಿಕೊಂಡು ತಮ್ಮ ಹೋದ,” ಎಂದರು ಮುನಿಯಾಂಡಿಯವರು. “ಮನೆಯಿಂದ ಒಬ್ಬ ಬರಬೇಕಿತ್ತು, ಒಬ್ಬ ಬಂದ.”

“ಯಾರಿಗೂ ಗೊತ್ತಾಗಲಿಲ್ವಾ ಅಂಕಲ್?”

“ಹತ್ತು ಜನರ ಸೆಕ್ಷನ್‌ನಲ್ಲಿ ಒಬ್ಬ ಬದಲಾದ್ರೆ ಒಂಬತ್ತು ಜನಕ್ಕೆ ಗೊತ್ತಾಗದೆ ಇರುತ್ತಾ? ಹವಾಲ್ದಾರನಿಗೆ ಗೊತ್ತು, ಅಡುಗೆಯವನಿಗೂ ಗೊತ್ತು. ಎಲ್ಲರೂ ಪಕ್ಕದ ಹಳ್ಳಿಯವರು ಅಂತೀರಲ್ಲ. ಹಾಜರಿ ಕರೆಯೋವಾಗ ಮಾದಯ್ಯ ಅಂತಾರೆ, ಇವನು ಹಾಜರ್ ಅಂತಾನೆ. ಅನ್ನ ಬಡಿಸೋವಾಗ ಸಿದ್ದಾ ಬಾರೋ ಅಂತಾರೆ. ಒಬ್ಬ ಬಾಯಿ ಬಿಟ್ಟಿದ್ರೆ ಇಬ್ಬರು ಅಣ್ಣತಮ್ಮಂದಿರೂ ಜೈಲಿಗೆ. ಯಾರೂ ಬಿಡಲಿಲ್ಲ. ಸಣ್ಣ ಸೈನ್ಯಕ್ಕೆ ಅದೊಂದು ಬರುತ್ತೆ ಅಕ್ಕಾ. ದೊಡ್ಡ ಸೈನ್ಯಕ್ಕೆ ಬರೋದಿಲ್ಲ.”

ಮಳೆ ಜೋರಾಯಿತು. ಅಂಗಡಿಯವನು ಪ್ಲಾಸ್ಟಿಕ್ ಪರದೆ ಇಳಿಸಿದ. ನಾನು ಸಿದ್ದಯ್ಯನ ಮುಖ ನೆನೆಯಲು ನೋಡಿದೆ. ಅವನದೊಂದು ಫೋಟೋ ಇಲ್ಲ. ಅವನು ಶಾಲೆಗೆ ಹೋಗಲಿಲ್ಲ, ಮದುವೆಯಾಗಲಿಲ್ಲ. ಪಟಾಲಮಿನಲ್ಲಿ ಅವನ ಹೆಸರಿಲ್ಲ, ಕಲ್ಲಿನ ಮೇಲೆ ಇಲ್ಲ. ಹತ್ತೊಂಬತ್ತು ವರ್ಷಕ್ಕೆ ತನ್ನ ಹೆಸರು ಬಿಚ್ಚಿಟ್ಟು ಹೋದವನು, ಆಸ್ಪತ್ರೆಯ ಹಾಸಿಗೆಯಲ್ಲಿ ಜ್ವರದಲ್ಲಿ ಬಡಬಡಿಸಿದಾಗಲೂ ತನ್ನ ಹೆಸರು ಹೇಳಿಬಿಡಬಾರದೆ. ಹೇಳಲಿಲ್ಲ.

“ಅಮ್ಮನಿಗೆ ಹೇಳಲೇಬೇಕು,” ಎಂದಳು ಸುಧಾ. “ಎಂಬತ್ತು ವರ್ಷ ಆಯ್ತು ಅಕ್ಕ. ಅವಳಿಗೆ ತಿಳ್ಕೊಳ್ಳೋ ಹಕ್ಕಿದೆ.”

“ಏನಂತ ಹೇಳ್ತೀಯ? ನೀನು ಹುಟ್ಟಿದ್ದಕ್ಕೆ ಅವನು ಹೋದ ಅಂತಲಾ?”

“ಹಾಗೆ ಯಾಕೆ ಹೇಳ್ಬೇಕು? ಕಲ್ಲಲ್ಲಿ ತಾತನ ಹೆಸರಿದೆ ಅಂತ ಹೇಳಿದ್ರೆ ಸಾಕು.”

“ಅಷ್ಟು ಹೇಳಿದ್ರೆ ಉಳಿದದ್ದನ್ನ ಅವಳು ಲೆಕ್ಕ ಹಾಕೋದಿಲ್ವೇನೆ?”

ಮುನಿಯಾಂಡಿಯವರು ಎದ್ದು ಕೈ ತೊಳೆಯಲು ಹೋದರು. ಬೇಗ ವಾಪಸ್ಸು ಬರಲಿಲ್ಲ.

ಹೊಟೇಲಿನ ಕೋಣೆ

ಮಳೆಯಲ್ಲಿ ವಾಪಸ್ಸು ಹೊರಡುವುದು ಬೇಡವೆಂದು ಕೆರೆಯ ಹತ್ತಿರದ ಒಂದು ಸಣ್ಣ ಹೊಟೇಲಿನಲ್ಲಿ ಉಳಿದೆವು. ಕೋಣೆಯ ಕಿಟಕಿಗೆ ಹಸಿರು ಪರದೆ. ಒದ್ದೆ ಸೀರೆಯನ್ನು ಕುರ್ಚಿಯ ಮೇಲೆ ಹರವಿದೆ. ಕಾಲಿನಲ್ಲಿ ಪಿನ್ನು ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ತೊಳೆದೆ. ಐದೂವರೆಯಾಯಿತು. ಮೈಸೂರಿನಲ್ಲಿ ಮಧ್ಯಾಹ್ನ ಮೂರು. ಅಮ್ಮ ಮಲಗಿ ಎದ್ದು ಕಾಫಿಗೆ ಕೂತಿರುವ ಹೊತ್ತು. ನನ್ನ ತಮ್ಮನ ಹೆಂಡತಿ ಗಿರಿಜಾ ಫೋನ್ ಎತ್ತಿ ಅಮ್ಮನ ಕೈಗೆ ಕೊಟ್ಟಳು. ಸುಧಾ ನನ್ನ ಎದುರಿಗೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

“ಸಿಕ್ತೇನವ್ವ?”

“ಸಿಕ್ತು ಅಮ್ಮ.”

“ಕಲ್ಲು ಅದಾ?”

“ಇದೆ. ಬಿಳಿ ಕಲ್ಲು. ಮೇಲೆ ಓಂ ಅಂತ ಬರೆದಿದ್ದಾರೆ. ಹೂವಿನ ಗಿಡ ಹಾಕಿದ್ದಾರೆ. ಹುಲ್ಲನ್ನೂ ಚೆನ್ನಾಗಿ ನೋಡ್ಕೊಂಡಿದ್ದಾರೆ.”

“ಹೆಸ್ರು?”

ದಾರಿಯುದ್ದಕ್ಕೂ ಇದಕ್ಕೆ ಏನು ಹೇಳಬೇಕೆಂದು ಯೋಚಿಸಿದ್ದೆ. ಸುಧಾ ಹೇಳಿದ ಹಾಗೆ ನಿಜವನ್ನೇ, ಮೆಲ್ಲಗೆ, ಹೇಳಿಬಿಡೋಣವೆಂದು ಹೊಟೇಲಿನ ಮೆಟ್ಟಿಲು ಹತ್ತುವಾಗ ತೀರ್ಮಾನಿಸಿಯೂ ಇದ್ದೆ.

“ಸಿದ್ದಯ್ಯ ಅಂತಿದೆ ಅಮ್ಮ.”

ಸುಧಾ ತಲೆಯೆತ್ತಿದಳು. ಆ ಕಡೆಯಿಂದ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

“ಸಿದ್ದಯ್ಯ ಅಂತ್ಲೇ ಅದಾ? ಸರ್ಯಾಗಿ ನೋಡಿದ್ಯಾ?”

“ನೋಡಿದೆ. ಸುಧಾನೂ ನೋಡಿದಳು.”

“ಹಂಗಾರೆ ಸರಿ ಬುಡು.” ಅಮ್ಮ ಉಸಿರು ಬಿಟ್ಟಿದ್ದು ಅಷ್ಟು ದೂರದಿಂದ ಕೇಳಿಸಿತು. “ನಮ್ಮಪ್ಪನ ಹೆಸ್ರು ಇದ್ದದೇನೋ ಅಂತ ನಂಗೊಂದು ಭಯ ಇತ್ತು ಕಣವ್ವ. ನಾನು ಚಿಕ್ಕೋಳಿದ್ದಾಗ ಕಲ್ಲುಹುಂಡಿ ಮುದುಕಿ ಒಬ್ಳು ಅಂದಿದ್ಲು. ‘ನೀನು ಹುಟ್ದೆ, ನಿಮ್ಮಪ್ಪ ಹೋಗೋ ಜಾಗಕ್ಕೆ ಅವ್ನು ಹೋದ’ ಅಂತ. ನಮ್ಮಪ್ಪನ್ನ ಕೇಳಕ್ಕೆ ಧೈರ್ಯ ಬರ್ನಿಲ್ಲ. ಯಾರ್ಗೂ ಹೇಳ್ನಿಲ್ಲ. ಸುಳ್ಳು ಅಲ್ವಾ?”

“ಸುಳ್ಳು ಅಮ್ಮ.”

“ಸತ್ತ ದಿನ ಬರ್ದವ್ರಾ?”

“ಬರೆದಿದ್ದಾರೆ,” ಎಂದು ಕಲ್ಲಿನ ಮೇಲಿದ್ದ ದಿನವನ್ನು ಹೇಳಿದೆ. ಅದೊಂದು ನಿಜ. ಅಮ್ಮ ಗಿರಿಜಾಳನ್ನು ಕರೆದು ಕ್ಯಾಲೆಂಡರಿನ ಹಿಂದೆ ಬರೆಸಿದಳು. ಮಳೆ ಬರುತ್ತಿದೆಯಾ, ಏನು ತಿಂದಿರಿ, ಸುಧಾ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದಳು. ಸುಧಾಳಿಗೆ ಸ್ವಲ್ಪ ಶೀತ ಎಂದೆ.

ಫೋನ್ ಇಟ್ಟ ಮೇಲೆ ಸುಧಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು.

“ನಾನೂ ನೋಡಿದೆ ಅಂತ ಯಾಕೆ ಹೇಳಿದೆ ಅಕ್ಕ?”

“ನಾನೊಬ್ಬಳೇ ಹೇಳಿದ್ರೆ ನಂಬ್ತಿರಲಿಲ್ಲ.”

“ನನ್ನನ್ನ ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು.”

ಅವಳು ಅತ್ತಳು. ನಾನು ಅಳಲಿಲ್ಲ. ಅವಳ ತಲೆಗೂದಲು ಇನ್ನೂ ಒದ್ದೆಯಾಗಿತ್ತು, ಟವೆಲಿನಲ್ಲಿ ಒರೆಸಿದೆ. ಸ್ವಲ್ಪ ಹೊತ್ತಾದ ಮೇಲೆ, “ನಾಳೆ ಮಾತಾಡ್ತೀನಿ ಅಮ್ಮನ ಹತ್ರ. ಕಲ್ಲು ಚೆನ್ನಾಗಿದೆ ಅಂತೀನಿ,” ಎಂದಳು.

ಏಳೂವರೆಗೆ ಮುನಿಯಾಂಡಿಯವರು ಬಾಗಿಲು ತಟ್ಟಿದರು. ಕಾಗದದಲ್ಲಿ ಕಟ್ಟಿಸಿದ ಊಟ ತಂದಿದ್ದರು. ಅಮ್ಮನಿಗೆ ಏನು ಹೇಳಿದಿರೆಂದು ಕೇಳಲಿಲ್ಲ. ನಮ್ಮಿಬ್ಬರ ಮುಖ ನೋಡಿ, ಎರಡು ಪೊಟ್ಟಣ ಕೊಟ್ಟು, ಮೂರನೆಯದನ್ನು ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಅನ್ನ, ಸಾಂಬಾರು, ಎಲೆಕೋಸಿನ ಪಲ್ಯ, ಒಂದು ಕರಿದ ಹಾಗಲಕಾಯಿ, ಮೆತ್ತಗಾದ ಹಪ್ಪಳ. ನೆಲದ ಮೇಲೆ ದಿನಪತ್ರಿಕೆ ಹಾಸಿ ಕೂತು ತಿಂದೆವು. ಹಾಗಲಕಾಯಿ ಸುಧಾ ತಿನ್ನುವುದಿಲ್ಲ, ಅವಳದನ್ನೂ ನಾನೇ ತಿಂದೆ.

ಊಟ ಮುಗಿಸಿ ಕೈ ತೊಳೆಯುವಾಗ ಗಿರಿಜಾಳ ಸಂದೇಶ ಬಂತು. ಮೈಸೂರಿನಲ್ಲಿ ಆಗ ಇನ್ನೂ ಆರು ಗಂಟೆ, ಬೆಳಕಿದ್ದೀತು. ಹತ್ತಾದರೂ ನಿದ್ದೆ ಹತ್ತದೆ ಗೋಡೆಗೆ ಒರಗಿ ಕೂರುತ್ತಿದ್ದ ಅಮ್ಮ ಅಂದು ಎರಡು ಇಡ್ಲಿ ತಿಂದು, ಮಾತ್ರೆ ತೆಗೆದುಕೊಂಡು, ದೀಪ ಹಚ್ಚುವುದಕ್ಕೂ ಮೊದಲೇ ಮಲಗಿ ನಿದ್ದೆ ಹೋಗಿದ್ದಳಂತೆ. ಎಬ್ಬಿಸಬೇಕೇ ಎಂದು ಗಿರಿಜಾ ಕೇಳಿದ್ದಳು. ಬೇಡ ಎಂದು ಬರೆದೆ. ಆಮೇಲೆ ಸುಧಾ ಮಲಗಿದಳು. ಕೊನೆಗೆ ನಾನು.